ಇಳಾ ಅಂದ್ರೆ ಇಲಿ ಅಲ್ಲ ಮಾರಾಯ

ಪ್ರೀತಿಯ ಗೆಳೆಯಾ,

ಮಗಳು ಹುಟ್ಟಿದ ಸುದ್ದಿ ನೋಡಿ ಮನೆಯಲ್ಲಿ ಎಲ್ಲರಿಗೂ ಖುಷಿಯೋ ಖುಷಿ. ಅದರ ಬೆನ್ನಿಗೇ ನಿನ್ನ ಇನ್ನೊಂದು ಮೆಸೇಜು: "ಇಳಾ ಅಂತ ಇಡೋಣ ಅನ್ಕೊಂಡಿದ್ದೀವಿ. ನಿನ್ನ ಮಗಳ ಹೆಸರೇ, ಬೇಜಾರಿಲ್ಲ ತಾನೆ? ಪುಣೆ ಜನಕ್ಕೆ ಹೇಳೋಕೆ ಬರುತ್ತಾ?" ಬೇಜಾರೇನೂ ಇಲ್ಲ. ಎರಡನೇ ಪ್ರಶ್ನೆಗೆ ನನ್ನ ಹತ್ತಿರ ಆರು ವರ್ಷದ ಅನುಭವ ಇದೆ, ಕೇಳು.

ನಮ್ಮವಳದು ಕೃತ್ತಿಕಾ ಎರಡನೇ ಪಾದ. ಪುರೋಹಿತರು 'ಇ' ಅಕ್ಷರ ಕೊಟ್ಟರು. ಇಂಚರ, ಇಂದಿರಾ ಬಿಟ್ಟರೆ ನಮಗೆ ಬೇರೇನೂ ಹೊಳೆಯಲಿಲ್ಲ. ಕೊನೆಗೆ ನನ್ನ ಹೆಂಡತಿಯೇ 'ಇಳಾ' ಅಂದಳು. ಆರಾಧ್ಯಾ ಅಂತ ಕೂಗಿದರೆ ಪಾರ್ಕಿನಲ್ಲಿ ಮೂರು ಮಕ್ಕಳು ತಿರುಗಿ ನೋಡುವ ಕಾಲ ಇದು, ನಮ್ಮದಕ್ಕೆ ಆ ಕಾಟ ಇಲ್ಲ ಅಂತ ನಾನೂ ಒಪ್ಪಿದೆ. ಸಾಗರದಿಂದ ಬಂದಿದ್ದ ಅಜ್ಜಿ ಮಾತ್ರ, "ಅದೆಂತ ಹೆಸರಾ? ಬಸ್ಸಿಂದ ಇಳಿ ಅಂದಂಗೆ ಕೇಳ್ತದೆ" ಅಂದರು. ಇಳೆ ಅಂದರೆ ಭೂಮಿ ಅಲ್ವಾ, ಅದೇ ಇದು ಅಂದ ಮೇಲೆ ಸ್ವಲ್ಪ ತಣ್ಣಗಾದರು.

ನಾಮಕರಣದ ದಿನ ತಟ್ಟೆಯ ಅಕ್ಕಿಯಲ್ಲಿ ಉಂಗುರದಿಂದ ಬರೆಯುವಾಗ 'ಳ' ಕೈಕೊಟ್ಟಿತು. ಸುತ್ತು ತಿರುಗಿಸಿ ಬಾಲ ಎಳೆಯುವಷ್ಟರಲ್ಲಿ ಅಕ್ಕಿ ಜಾರಿ ಸುತ್ತೇ ಮುಚ್ಚಿಹೋಯಿತು. ಮೂರು ಸಲ ಅಳಿಸಿ ಬರೆದೆ. ಅಜ್ಜಿ ಪಕ್ಕದಲ್ಲೇ ಇದ್ದರು. ಏನೂ ಅನ್ನಲಿಲ್ಲ, ಬರೀ ನೋಡಿದರು.

ಹಿಂದಿಯವರ ಬಾಯಲ್ಲಿ ಇದು 'ಇಲಾ'. ಅವರ ಭಾಷೆಯಲ್ಲಿ ಳ ಇಲ್ಲ, ಬೆಂಗಳೂರನ್ನೇ ಬೆಂಗಲೂರು ಮಾಡಿದವರು ನಮ್ಮ ಮಗಳನ್ನು ಬಿಡುತ್ತಾರಾ? ಮೇಲಿನ ಮನೆಯ ಕಾನ್ಪುರದ ಆಂಟಿಗೆ ನಾಲಿಗೆ ಹಿಂದಕ್ಕೆ ಮಡಚುವುದನ್ನು ಹೇಳಿಕೊಟ್ಟೆ. ತುಂಬಾ ಕಷ್ಟಪಟ್ಟು 'ಇಡಾ' ಅಂದರು. ಪಾಪ, ಸೋತೆ ಅಂದುಕೊಂಡರು. ಆದರೆ ಅದೇನು ತಪ್ಪಲ್ಲ. ಋಗ್ವೇದದಲ್ಲಿ ಇಳಾ ಅಂತ ಇರುವುದು ಬೇರೆ ಹಳೆಯ ಗ್ರಂಥಗಳಲ್ಲಿ ಇಡಾ ಆಗಿದೆ, ಪುರಾಣದಲ್ಲಿ ಇಲಾ ಆಗಿದೆ. ಋಗ್ವೇದ ಶುರುವಾಗುವುದೇ 'ಅಗ್ನಿಮೀಳೇ' ಅಂತ, ಶುರುವಿನಲ್ಲೇ ಳ ಇದೆ ನೋಡು. ಪುರಾಣದ ಇಲಾ ಮನುವಿನ ಮಗಳು, ಪುರೂರವನ ತಾಯಿ. ನಡುವೆ ಗಂಡಾಗಿ ಸುದ್ಯುಮ್ನ ಅನ್ನಿಸಿಕೊಂಡು ಮತ್ತೆ ಹೆಣ್ಣಾದವಳು. ಈ ಕಥೆ ಅಜ್ಜಿಗೆ ಇನ್ನೂ ಹೇಳಿಲ್ಲ.

ಉಚ್ಚಾರಕ್ಕಿಂತ ಜಾಸ್ತಿ ಕಾಟ ಕೊಟ್ಟಿದ್ದು ಇಂಗ್ಲಿಷ್ ಸ್ಪೆಲ್ಲಿಂಗು. ದೊಡ್ಡ ಐ, ಸಣ್ಣ ಎಲ್, ಕಂಪ್ಯೂಟರಿನಲ್ಲಿ ಎರಡೂ ಒಂದೇ ಥರ ನೆಟ್ಟಗಿನ ಗೀಟು. ಒಂದು ಕ್ಲಿನಿಕ್ಕಿನಲ್ಲಿ ಚೀಟಿ ಹಿಡಿದ ಹುಡುಗಿ "ಲ್ಲಾ... ಲ್ಲಾ ಯಾರು?" ಅಂತ ಕೂಗಿದಳು. ಇನ್ನೊಂದು ಕಡೆ ಅದನ್ನು ರೋಮನ್ ಎರಡು ಅಂದುಕೊಂಡು, "ಸೆಕೆಂಡ್ ಎ ಸೆಕ್ಷನ್ ಸರಿ, ಮಗು ಹೆಸರೇನು?" ಅಂತ ಕೇಳಿದರು. ಈಗ ಫಾರ್ಮಿನಲ್ಲೆಲ್ಲ ಪೂರ್ತಿ ದೊಡ್ಡಕ್ಷರದಲ್ಲೇ ಬರೆಯುತ್ತೇನೆ, ನೀನೂ ಹಾಗೇ ಮಾಡು. ಗುಜರಾತಿಗಳು ಐ ಬದಲು ಇಂಗ್ಲಿಷಿನ ಇ (E) ಅಕ್ಷರದಿಂದ ಶುರು ಮಾಡುವುದೂ ಉಂಟು. 1972ರಲ್ಲಿ ದುಡಿಯುವ ಹೆಂಗಸರ ಸಂಘ 'ಸೇವಾ' ಕಟ್ಟಿದ ಇಲಾ ಭಟ್ಟರ ಹೆಸರು ಇಂಗ್ಲಿಷಿನಲ್ಲಿ ಹಾಗೇ ಇದೆ. ಆದರೆ ಹಾಗೆ ಬರೆದರೆ ನಮ್ಮವರು 'ಎಲಾ' ಅಂತ ಓದುತ್ತಾರೆ. ಎಲಾ ಇವಳ!

ಇನ್ನು ಅಮೆರಿಕದಲ್ಲಿರುವ ನನ್ನ ತಂಗಿ ಹೇಳುವ ಪ್ರಕಾರ ಅಲ್ಲಿ ಇದು 'ಐಲಾ'. ಆ ಹೆಸರಿನ ಬೇರೆ ಮಕ್ಕಳು ಅಲ್ಲಿ ಬೇಕಾದಷ್ಟು ಇದ್ದಾರಂತೆ, ಸ್ಕಾಟ್ಲೆಂಡಿನ ಹೆಸರದು, ಸ್ಪೆಲ್ಲಿಂಗಿನಲ್ಲಿ ಎಸ್ ಇದ್ದರೂ ಬಾಯಲ್ಲಿ ಬರುವುದಿಲ್ಲ. ನಮ್ಮದನ್ನೂ ಜನ ಅದೇ ಲೆಕ್ಕಕ್ಕೆ ಹಾಕುತ್ತಾರೆ.

ಆದರೆ ನೀನಿರುವುದು ಪುಣೆಯಲ್ಲಿ, ಅದೃಷ್ಟವಂತ. ಮರಾಠಿಯಲ್ಲಿ ಳ ಗಟ್ಟಿಯಾಗಿದೆ. ಹಿಂದಿಯವರ ತಿಲಕ್ ಅವರಿಗೆ ಟಿಳಕ್, ಮಗು ಅಂದರೇ 'ಬಾಳ'. ತರಕಾರಿ ಅಂಗಡಿಯವನೂ ನಿನ್ನ ಮಗಳನ್ನು ಸರಿಯಾಗಿ ಕರೆಯುತ್ತಾನೆ, ಆಫೀಸಿನವರು ಬೇಕಾದರೆ ಇಲಾ ಅನ್ನಲಿ ಬಿಡು. ಗಡಿಬಿಡಿಯೂ ಬೇಡ. ಜನನ ನೋಂದಣಿ 21 ದಿನದೊಳಗೆ ಮಾಡಿಸಿದರೆ ಸಾಕು, ಹೆಸರನ್ನು ಒಂದು ವರ್ಷದೊಳಗೆ ಸೇರಿಸಬಹುದು, ಅದಕ್ಕೆ ಶುಲ್ಕ ಇಲ್ಲ.

ಶಾಲೆಯಲ್ಲಿ ಒಂದಷ್ಟು ದಿನ 'ಇಲಿ' ಅಂತ ರೇಗಿಸುತ್ತಾರೆ, ಅದಕ್ಕೆ ತಯಾರಿರು. ನಮ್ಮವಳು ಎರಡು ದಿನ ಅತ್ತಳು, ಮೂರನೇ ದಿನ ಅವಳೇ ಬ್ಯಾಗಿನ ಮೇಲೆ ಇಲಿ ಸ್ಟಿಕ್ಕರ್ ಅಂಟಿಸಿಕೊಂಡು ಹೋದಳು.

ಈಗ ಪಕ್ಕದಲ್ಲೇ ಕೂತು ಇಣುಕುತ್ತಿದ್ದಾಳೆ. "ನನ್ನ ಹೆಸರು ಯಾರಿಗೆ ಕೊಡ್ತಿದ್ದೀಯಾ?" ಅಂತ ಕೇಳಿದಳು. ಹೇಳಿದೆ. ಮೊದಲು ಪಾಪುವಿನ ಫೋಟೋ ನೋಡಬೇಕಂತೆ. ಬೇಗ ಕಳಿಸು.

ನಿನ್ನ ಗೆಳೆಯ