ಏಳು ಗಂಟೆಯ ವಿಡಿಯೊ ಕರೆ ಮತ್ತು ಪುಟ್ಟಿಯ ನಿದ್ದೆ

ಪ್ರೀತಿಯ ಅಮ್ಮ ಮತ್ತು ಅಪ್ಪನಿಗೆ ನಮಸ್ಕಾರಗಳು.

ನಾವು ಮೂವರೂ ಇಲ್ಲಿ ಕ್ಷೇಮವಾಗಿದ್ದೇವೆ. ಕಳೆದ ವಾರ ವಿಡಿಯೊ ಕರೆಯನ್ನು ನಾನು ನಡುವೆಯೇ ನಿಲ್ಲಿಸಿದಾಗ ಅಮ್ಮನ ಮುಖ ಬಾಡಿದ್ದನ್ನು ಕಂಡೆ. ಅಂದಿನಿಂದ ಅದು ಮನಸ್ಸಿನಲ್ಲೇ ಉಳಿದಿದೆ. ಅವಸರದಲ್ಲಿ ಎರಡು ಮಾತು ಹೇಳಿ ಮುಗಿಸುವ ವಿಷಯ ಇದಲ್ಲವಾದ್ದರಿಂದ, ಪುಟ್ಟಿಯನ್ನು ಮಲಗಿಸುವ ವಿಚಾರದಲ್ಲಿ ಈ ಮೂರು ತಿಂಗಳು ನಾವು ಪಟ್ಟ ಪಾಡನ್ನೂ ಕಂಡುಕೊಂಡ ದಾರಿಯನ್ನೂ ವಿವರವಾಗಿಯೇ ಬರೆಯುತ್ತಿದ್ದೇನೆ.

ಚೆನ್ನಾಗಿ ಆಡಿ ದಣಿದರೆ ಮಗು ತಾನಾಗಿಯೇ ಮಲಗುತ್ತದೆ ಎಂದು ನಾವು ನಂಬಿದ್ದೆವು. ಹಾಗಾಗಿ ರಾತ್ರಿ ಒಂಬತ್ತೂವರೆಯವರೆಗೂ ಆಡಲು ಬಿಡುತ್ತಿದ್ದೆವು. ಆದರೆ ಆ ಹೊತ್ತಿಗೆ ಅವಳು ತೂಕಡಿಸುವ ಬದಲು ಮಂಚದಿಂದ ಮಂಚಕ್ಕೆ ಜಿಗಿಯುತ್ತಿದ್ದಳು, ಸಣ್ಣ ಮಾತಿಗೂ ರಂಪ ಮಾಡುತ್ತಿದ್ದಳು. ದಣಿವು ಮಿತಿ ಮೀರಿದಾಗ ಮಗುವಿನ ದೇಹ ಎಚ್ಚರವಾಗಿರಿಸುವ ಹಾರ್ಮೋನುಗಳನ್ನು ಸುರಿಸತೊಡಗುತ್ತದೆಂದೂ, ನಾವು ಉತ್ಸಾಹವೆಂದುಕೊಂಡದ್ದು ನಿಜವಾಗಿ ನಿದ್ದೆಗೆಟ್ಟ ಮಗುವಿನ ಚಡಪಡಿಕೆಯೆಂದೂ ತಿಳಿದಾಗ ನನಗೆ ತುಂಬಾ ಸಂಕಟವಾಯಿತು. ಅಪ್ಪ ಲೆಕ್ಕ ಕೇಳುತ್ತಾರೆಂದು ಹೇಳುತ್ತೇನೆ: ಒಂದರಿಂದ ಎರಡು ವರ್ಷದ ಮಕ್ಕಳಿಗೆ ಹಗಲಿನ ನಿದ್ದೆಯೂ ಸೇರಿ ದಿನಕ್ಕೆ 11ರಿಂದ 14 ಗಂಟೆ ನಿದ್ದೆ ಬೇಕೆಂದು ಅಮೆರಿಕದ ನಿದ್ರಾ ವೈದ್ಯಕೀಯ ಅಕಾಡೆಮಿ 2016ರಲ್ಲಿ ಹೇಳಿದೆ. ಎರಡು ವರ್ಷ ನಾಲ್ಕು ತಿಂಗಳಿನ ನಮ್ಮ ಪುಟ್ಟಿಗೆ ಹತ್ತೂ ಸಿಗುತ್ತಿರಲಿಲ್ಲ. ಆದ್ದರಿಂದ ಮಲಗುವ ಹೊತ್ತನ್ನು ಕೆಲವು ದಿನಗಳಿಗೊಮ್ಮೆ ಕಾಲು ಗಂಟೆಯಂತೆ ಹಿಂದಕ್ಕೆ ತಂದು, ಈಗ ಏಳೂವರೆಗೆ ನಿಲ್ಲಿಸಿದ್ದೇವೆ. ಮಧ್ಯಾಹ್ನದ ನಿದ್ದೆಯಿಂದ ಎರಡೂವರೆಯೊಳಗೆ ಎಬ್ಬಿಸುತ್ತೇವೆ.

ಆ ಏಳೂವರೆಗೆ ಮುಂಚಿನ ಒಂದು ಗಂಟೆಯಲ್ಲೇ ಎಲ್ಲವೂ ಅಡಗಿದೆ. ಕತ್ತಲಾಗುತ್ತಿದ್ದಂತೆ ಮಿದುಳಿನಲ್ಲಿ ಮೆಲಟೋನಿನ್ ಎಂಬ ಹಾರ್ಮೋನು ಸ್ರವಿಸಿ ದೇಹವನ್ನು ನಿದ್ದೆಗೆ ಅಣಿಗೊಳಿಸುತ್ತದೆ; ಪ್ರಖರ ಬೆಳಕು ಅದನ್ನು ತಡೆಯುತ್ತದೆ. ಚಿಕ್ಕ ಮಕ್ಕಳ ಕಣ್ಣಿನ ಪಾಪೆ ದೊಡ್ಡದಾಗಿಯೂ ಮಸೂರ ತಿಳಿಯಾಗಿಯೂ ಇರುವುದರಿಂದ ಅವರಿಗೆ ಈ ಬೆಳಕಿನ ತೊಂದರೆ ನಮಗಿಂತ ಹೆಚ್ಚು. ಹಾಗಾಗಿ ಆರೂವರೆಗೆಲ್ಲ ದೊಡ್ಡ ದೀಪ ಆರಿಸಿ, ಪರದೆಗಳನ್ನೆಲ್ಲ ಮುಚ್ಚಿ, ಬೆಚ್ಚಗಿನ ನೀರಿನ ಸ್ನಾನ, ರಾತ್ರಿಯ ಬಟ್ಟೆ, ಹಲ್ಲುಜ್ಜುವುದು, ಎರಡು ಚಿತ್ರಪುಸ್ತಕ, ಹೀಗೆ ದಿನವೂ ಅದೇ ಕ್ರಮದಲ್ಲಿ ಮುಗಿಸುತ್ತೇವೆ. ಮಲಗುತ್ತೀಯಾ ಎಂದು ಕೇಳುವುದೇ ಇಲ್ಲ. ಹಳದಿ ಅಂಗಿಯೋ ನೀಲಿಯೋ ಎಂದಷ್ಟೇ ಕೇಳುತ್ತೇವೆ. ಆಯ್ಕೆ ತನ್ನದೆಂಬ ಸಮಾಧಾನ ಅವಳಿಗೆ ಅಷ್ಟರಲ್ಲೇ ಸಿಗುತ್ತದೆ.

ನನಗೆ ಅತ್ಯಂತ ಕಷ್ಟವಾದದ್ದು ಮುಂದಿನ ಹೆಜ್ಜೆ. ಮೊದಲೆಲ್ಲ ಅವಳು ನನ್ನ ಹೆಗಲ ಮೇಲೆ ನಿದ್ದೆ ಹೋದ ಮೇಲೆ ಮೆಲ್ಲನೆ ಹಾಸಿಗೆಗೆ ಇಳಿಸುತ್ತಿದ್ದೆ. ಎಲ್ಲರಂತೆ ಮಕ್ಕಳಿಗೂ ನಿದ್ದೆಯ ಒಂದು ಸುತ್ತಿಗೂ ಇನ್ನೊಂದಕ್ಕೂ ನಡುವೆ ಅರೆ ಎಚ್ಚರವಾಗುತ್ತದೆ. ಆಗ ಹೆಗಲು ಕಾಣದೆ ಅವಳು ಬೆಚ್ಚಿ ಅಳುತ್ತಿದ್ದಳು. ಈಗ ಎಚ್ಚರವಿರುವಾಗಲೇ ಹಾಸಿಗೆಗೆ ಬಿಟ್ಟು ಪಕ್ಕದಲ್ಲಿ ಕುರ್ಚಿ ಹಾಕಿಕೊಂಡು ಕೂರುತ್ತೇವೆ. ಎರಡು ಮೂರು ರಾತ್ರಿಗೊಮ್ಮೆ ಕುರ್ಚಿ ಬಾಗಿಲ ಕಡೆಗೆ ಸ್ವಲ್ಪ ಸರಿಯುತ್ತದೆ. ಮಗುವನ್ನು ಅಳಲು ಬಿಡಬೇಡಿ ಎಂದು ಅಮ್ಮ ಹೇಳಿದ್ದು ನನಗೆ ನೆನಪಿದೆ, ಬಿಟ್ಟಿಲ್ಲ. ಕರೆದಾಗಲೆಲ್ಲ ಹೋಗಿ ಬೆನ್ನು ಸವರಿ, ದೀಪ ಹಾಕದೆ, ಅದೇ ನಾಲ್ಕು ಮಾತು ಹೇಳಿ ಹಿಂತಿರುಗುತ್ತೇವೆ. ನಡುವೆ ಜ್ವರ ಬಂದ ವಾರದಲ್ಲಿ ಇದನ್ನೆಲ್ಲ ಬದಿಗಿಟ್ಟು ಎದೆಗವಚಿಕೊಂಡೇ ಮಲಗಿಸಿದೆ, ಮತ್ತೆ ಮೊದಲಿನಿಂದ ಆರಂಭಿಸಬೇಕಾಯಿತು. ಅದಕ್ಕಾಗಿ ನನಗೆ ಬೇಸರವಿಲ್ಲ. ಈಗ ಹೆಚ್ಚಿನ ರಾತ್ರಿಗಳಲ್ಲಿ ಇಪ್ಪತ್ತು ನಿಮಿಷದೊಳಗೆ ನಿದ್ದೆ ಹೋಗುತ್ತಾಳೆ.

ಅಲ್ಲಿ ಮಧ್ಯಾಹ್ನ ಎರಡೂವರೆಗೆ ನೀವು ಕರೆ ಮಾಡುವಾಗ ಇಲ್ಲಿ ಸರಿಯಾಗಿ ಏಳು ಗಂಟೆ. ನಿಮ್ಮನ್ನು ಕಂಡ ಸಂತೋಷಕ್ಕೆ ಅವಳು ಕುಣಿದಾಡುತ್ತಾಳೆ, ಆಮೇಲೆ ಶಾಂತಳಾಗಲು ಒಂದು ಗಂಟೆಯಾದರೂ ಬೇಕು. ದಯವಿಟ್ಟು ಇನ್ನು ಮುಂದೆ ಹನ್ನೆರಡೂವರೆಗೆ ಕರೆ ಮಾಡಿ. ಆಗ ಇಲ್ಲಿ ಐದು ಗಂಟೆ, ಮನಸಾರೆ ಮಾತಾಡಬಹುದು. ಇನ್ನೊಂದು ಕೋರಿಕೆಯಿದೆ, ಅಮ್ಮ. ನೀವು ನಮಗೆ ಹೇಳುತ್ತಿದ್ದ ಕಥೆಗಳಲ್ಲಿ ಯಾವುದಾದರೂ ಒಂದನ್ನು ಐದಾರು ನಿಮಿಷಕ್ಕೆ ಮುಗಿಯುವಂತೆ ಫೋನಿನಲ್ಲಿ ರೆಕಾರ್ಡ್ ಮಾಡಿ ಕಳುಹಿಸಿ. ಹೆದರಿಸುವ ಭಾಗ ಬೇಡ, ಕೊನೆ ಕೊನೆಗೆ ದನಿ ತಗ್ಗಲಿ. ಕತ್ತಲ ಕೋಣೆಯಲ್ಲಿ ದಿನವೂ ಅದನ್ನೇ ಕೇಳಿಸುತ್ತೇನೆ.

ನಿಮ್ಮ ಮಗಳು