ಸಾಲ ಮಾಡುವ ಮುಂಚೆ: ಸ್ಟುಡಿಯೋ ಹಾಕಲು ಹೊರಟ ಗೆಳೆಯನಿಗೊಂದು ಪತ್ರ

ಪ್ರೀತಿಯ ದೋಸ್ತ,

ಬೆಂಗಳೂರಿನ ನೌಕರಿ ಬಿಟ್ಟು ಊರಿಗೆ ಬರ್ತೀನಿ, ಕಲಬುರಗಿಯಲ್ಲೇ ಫೋಟೋ ಸ್ಟುಡಿಯೋ ಹಾಕ್ತೀನಿ ಅಂತ ಬರೆದಿದ್ದೀಯ. ಓದಿ ಖುಷಿಯಾಯಿತು. ಸಾಲ ತೆಗೆದು ದೊಡ್ಡ ಕ್ಯಾಮೆರಾ ಕೊಳ್ಳುವ ಮಾತೂ ಬರೆದಿದ್ದೀಯ. ಅಲ್ಲಿ ಸ್ವಲ್ಪ ತಡಿ. ಬೀದರ್, ಯಾದಗಿರಿ ಕಡೆಯ ಹುಡುಗರೂ ನನ್ನನ್ನು ಇದನ್ನೇ ಕೇಳುತ್ತಾರೆ. ಅದಕ್ಕೆ ಈ ಪತ್ರವನ್ನು ಎಲ್ಲರೂ ಓದಲಿ ಅಂತ ಇಲ್ಲೇ ಹಾಕುತ್ತಿದ್ದೇನೆ.

ನಮ್ಮ ಹೊಟ್ಟೆ ತುಂಬಿಸುವುದು ಮದುವೆ. ಪಾಸ್‌ಪೋರ್ಟ್ ಸೈಜ್ ಫೋಟೋ ನಂಬಿ ಅಂಗಡಿ ಬಾಡಿಗೆ ಕಟ್ಟುವ ಕಾಲ ಮುಗಿಯಿತು. ನಮ್ಮ ಕಡೆ ಅಕ್ಕಿಕಾಳು (ಅಕ್ಷತೆ) ಬೀಳುವುದು ಹೆಚ್ಚಾಗಿ ಮಧ್ಯಾಹ್ನ, ಹನ್ನೆರಡೂವರೆ ಆಸುಪಾಸಿನಲ್ಲಿ. ಕಲಬುರಗಿ ಇರುವುದು 17 ಡಿಗ್ರಿ ಅಕ್ಷಾಂಶದಲ್ಲಿ, ಹಾಗಾಗಿ ಮೇ ಎರಡನೇ ವಾರದ ಹೊತ್ತಿಗೆ ಮಧ್ಯಾಹ್ನದ ಸೂರ್ಯ ಸರಿಯಾಗಿ ನೆತ್ತಿಯ ಮೇಲೆ. ಲಗ್ನ ಜಾಸ್ತಿ ಇರೋದೂ ಆಗಲೇ, ಅಲ್ವಾ? ಬಯಲಲ್ಲಿ ನಿಲ್ಲಿಸಿದರೆ ಹಣೆ, ಮೂಗು ಹೊಳೆಯುತ್ತವೆ, ಕಣ್ಣು ಕಪ್ಪು ಗುಳಿಯಾಗುತ್ತದೆ. ಚಪ್ಪರಕ್ಕೆ ಕೆಂಪು ಬಟ್ಟೆ ಹಾಕಿದ್ದರೆ ಆ ಬಣ್ಣ ಅಷ್ಟೂ ಮದುಮಗಳ ಮುಖದ ಮೇಲೆ. ಎಷ್ಟು ಲಕ್ಷದ ಕ್ಯಾಮೆರಾ ಇದ್ದರೂ ಇದು ತಪ್ಪುವುದಿಲ್ಲ. ನಾನು ಮನೆಯವರಿಗೆ ಮುಂಚೆಯೇ ಹೇಳುತ್ತೇನೆ: ಮದುಮಕ್ಕಳು ನಿಲ್ಲುವ ಜಾಗದ ಮೇಲಾದರೂ ಬಿಳಿ ಬಟ್ಟೆ ಕಟ್ಟಿಸಿ ಅಂತ. ಅಂಗಳಕ್ಕೆ ಶಹಾಬಾದ್ ಫರಸಿ (ಕಲ್ಲುಚಪ್ಪಡಿ) ಹಾಸಿದ್ದರೆ ನಿನ್ನ ಪುಣ್ಯ. ಬಿಸಿಲು ಫರಸಿಗೆ ಬಡಿದು ಕೆಳಗಿನಿಂದ ಮುಖಕ್ಕೆ ಬೆಳಕು ಬರುತ್ತದೆ. ಫರಸಿಯ ಅಂಚಿನಲ್ಲಿ, ನೆರಳಿನೊಳಗೆ ಅವರನ್ನು ನಿಲ್ಲಿಸು. ಖರ್ಚಿಲ್ಲದ ಬೆಳಕು ಅದು.

ಮಂಗಲ ಕಾರ್ಯಾಲಯದ ಒಳಗಿನ ಕಷ್ಟ ಬೇರೆ. ನಮ್ಮ ಕರೆಂಟು 50 ಹರ್ಟ್ಜ್. ಅಗ್ಗದ ಎಲ್‌ಇಡಿ ದೀಪ ಅದರ ಮೇಲೆ ಸೆಕೆಂಡಿಗೆ 100 ಸಲ ಮಿನುಗುತ್ತದೆ. ನಮ್ಮ ಕಣ್ಣಿಗೆ ಕಾಣಲ್ಲ, ಕ್ಯಾಮೆರಾಗೆ ಕಾಣುತ್ತದೆ. ಶಟರ್ ಸ್ಪೀಡ್, ಅಂದರೆ ಶಟರ್ ತೆರೆದಿರುವ ಹೊತ್ತು, ಸೆಕೆಂಡಿನ 1/500 ಇಟ್ಟರೆ ಫೋಟೋದ ಮೇಲೆ ಅಡ್ಡಡ್ಡ ಪಟ್ಟಿ ಬೀಳುತ್ತವೆ. 1/100ಕ್ಕೋ 1/50ಕ್ಕೋ ಇಳಿಸಿದರೆ ಪಟ್ಟಿ ಹೋಗುತ್ತವೆ, ಆದರೆ ಗಾಳಿಯಲ್ಲಿರುವ ಅಕ್ಕಿಕಾಳು ಗೀರು ಗೀರಾಗಿ ಬರುತ್ತದೆ. ಅಲ್ಲಿ ಫ್ಲ್ಯಾಶ್ ಬೇಕೇ ಬೇಕು. ಫ್ಲ್ಯಾಶ್ ಹೊಡೆದ ಚಣದಲ್ಲಿ ಕಾಳು ಕಾಳೂ ನಿಂತುಬಿಡುತ್ತದೆ. ಇನ್ನು ಆ ನೇರಳೆ, ಗುಲಾಬಿ ಬಣ್ಣದ ಲೈಟು! ಅದಕ್ಕೆ ನನಗೆ ಗೊತ್ತಿರುವ ಔಷಧ ಒಂದೇ. ಬೆಳಿಗ್ಗೆ ಲೈಟಿನ ಹುಡುಗನ ಜೊತೆ ಕೂತು ಚಹಾ ಕುಡಿ, ಮುಹೂರ್ತದ ಹತ್ತು ನಿಮಿಷ ಮಾತ್ರ ಬಿಳಿ ಲೈಟು ಹಾಕಪ್ಪಾ ಅಂತ ಕೇಳಿಕೋ. ಅವನೂ ನಮ್ಮ ಹಾಗೇ ದುಡಿಯುವವನು, ಕೇಳಿದರೆ ಮಾಡುತ್ತಾನೆ.

ಮುಸ್ಲಿಂ ಮನೆಗಳ ಕೆಲಸವೂ ನಮ್ಮೂರಲ್ಲಿ ಬಹಳ ಬರುತ್ತದೆ. ಎಷ್ಟೋ ಮನೆಗಳಲ್ಲಿ ಹೆಂಗಸರ ಕಡೆ ಗಂಡಸು ಫೋಟೋಗ್ರಾಫರ್ ಹೋಗುವ ಹಾಗಿಲ್ಲ. ಕೆಲಸ ಬಲ್ಲ ಹೆಣ್ಣುಮಕ್ಕಳು ಸಾಲುವುದಿಲ್ಲ. ನಿನ್ನ ಹೆಂಡತಿಗೆ, ನಮ್ಮ ವೈನಿಗೆ, ಆಸಕ್ತಿ ಇದ್ದರೆ ಈಗಲೇ ಕ್ಯಾಮೆರಾ ಕಲಿಸು. ಸುಮ್ನೆ ಹೇಳ್ತಾ ಇಲ್ಲ.

ಈಗ ಮುಖ್ಯ ವಿಷಯ. ದುಡ್ಡು ಹಾಕುವುದಾದರೆ ತೆಗೆದ ಫೋಟೋ ಕಾಯುವುದಕ್ಕೆ ಮೊದಲು ಹಾಕು. ಕ್ಯಾಮೆರಾ ಸೆಕೆಂಡ್‌ಹ್ಯಾಂಡ್ ಆದರೂ ನಡೆಯುತ್ತದೆ, ಅದರಲ್ಲಿ ಎರಡು ಕಾರ್ಡ್ ಹಾಕುವ ಜಾಗ ಇರಲಿ. ಪ್ರತಿ ಫೋಟೋ ಎರಡರಲ್ಲೂ ಬೀಳಲಿ. 24 ಮೆಗಾಪಿಕ್ಸೆಲ್‌ನ ಒಂದು ರಾ ಫೈಲ್ (ಕ್ಯಾಮೆರಾ ಸಂಸ್ಕರಿಸದೆ ಇಡುವ ಮೂಲ ಫೈಲ್) ಸಾಮಾನ್ಯವಾಗಿ 25 ಎಂಬಿ ಮೇಲೇ ಇರುತ್ತದೆ. ಒಂದು ಮದುವೆಯಲ್ಲಿ 3000 ಫೋಟೋ ಅಂದರೂ 75 ಜಿಬಿ ದಾಟಿತು, ವಿಡಿಯೋ ಬೇರೆ. ರಾತ್ರಿ ಎಷ್ಟೇ ಹೊತ್ತಾಗಲಿ, ಎರಡು ಹಾರ್ಡ್ ಡಿಸ್ಕಿಗೆ ಇಳಿಸದೆ ಕಾರ್ಡ್ ಅಳಿಸಬೇಡ. ಒಂದು ಡಿಸ್ಕ್ ಅಂಗಡಿಯಲ್ಲಿ, ಇನ್ನೊಂದು ಮನೆಯಲ್ಲಿ. ಎರಡೂ ಒಂದೇ ಕಪಾಟಿನಲ್ಲಿದ್ದರೆ ಕಳ್ಳನಿಗೂ ಬೆಂಕಿಗೂ ಒಂದೇ. ನಮ್ಮ ಏಪ್ರಿಲ್–ಮೇ ಬಿಸಿಲಲ್ಲಿ ಬ್ಯಾಗನ್ನು ಕಾರಿನಲ್ಲಿ ಬಿಟ್ಟು ಊಟಕ್ಕೆ ಹೋಗಲೇಬೇಡ.

ಇದಕ್ಕೆ ಇಷ್ಟು ಒತ್ತು ಯಾಕೆ ಅಂತೀಯಾ? ಒಂದು ದಿನ ನಾನು ಶಟರ್ ಎತ್ತುವ ಮುಂಚೆಯೇ ಒಬ್ಬ ಹುಡುಗ ಅಂಗಡಿ ಮುಂದೆ ನಿಂತಿದ್ದ. ಮೊಬೈಲ್ ಮುಂದೆ ಹಿಡಿದ. ಊಟದ ಪಂಕ್ತಿಯಲ್ಲಿ ಕೂತ ಅವರಪ್ಪ, ಕೈಯಲ್ಲಿ ತುತ್ತು, ಮುಖ ಅರ್ಧ ಆಚೆ ತಿರುಗಿದೆ. "ಇದೊಂದೇ ಅದ ಅಣ್ಣಾ. ನಾಳೆ ಮೂರನೇ ದಿನ. ಫ್ರೇಮ್ ಮಾಡಿ ಕೊಡ್ರಿ" ಅಂದ. ವಾಟ್ಸಾಪ್‌ನಲ್ಲಿ ಕೈಯಿಂದ ಕೈಗೆ ಬಂದು ಸವೆದ ಫೋಟೋ. ದೊಡ್ಡದು ಮಾಡಿದರೆ ಮುಖವೇ ಉಳಿಯುವುದಿಲ್ಲ. ಈಗಿನ ಎಐ ಆ್ಯಪ್‌ಗೆ ಹಾಕಿದರೆ ಚರ್ಮ ನುಣುಪಾಗುತ್ತದೆ, ಕಣ್ಣು ಹೊಳೆಯುತ್ತದೆ, ಆದರೆ ಅದು ಬೇರೆ ಯಾರದೋ ಮುಖ. ಮನೆಯವರಿಗೆ ಅದು ಗೊತ್ತಾಗದೆ ಇರುತ್ತಾ? ಮಾತಾಡುತ್ತಾ ಅವನ ಅಕ್ಕನ ಮದುವೆ ವಿಷಯ ಬಂತು. ಆ ಮದುವೆಯ ಫೋಟೋ ತೆಗೆದವನು ನಾನೇ. ಹಳೆ ಡಿಸ್ಕ್ ಹಚ್ಚಿ ಹುಡುಕಿದೆ. ಬೀಗರ ಜೊತೆಗಿನ ಗ್ರೂಪ್ ಫೋಟೋದಲ್ಲಿ ಎರಡನೇ ಸಾಲಿನಲ್ಲಿ ಅವರಿದ್ದರು. ತಲೆಗೆ ಹೊಸ ರುಮಾಲು, ಹಣೆಗೆ ವಿಭೂತಿ, ಮೀಸೆಯಂಚಿನಲ್ಲಿ ಸಣ್ಣ ನಗು. ಮೂಲ ಫೈಲ್ ಇದ್ದದ್ದಕ್ಕೆ ಮೀಸೆಯ ಬಿಳಿ ಕೂದಲೂ ಕಾಣುತ್ತಿತ್ತು. ಹುಡುಗ ಪರದೆಯ ಹತ್ತಿರ ಬಂದು, "ಹೌದ್ರಿ, ಇವ್ರೇ" ಅಂದ.

ಇಂಥವರು ಎಲ್ಲ ಸ್ಟುಡಿಯೋಗಳಿಗೂ ಬರುತ್ತಾರೆ. ಎಷ್ಟೋ ಮನೆಗಳಲ್ಲಿ ದೊಡ್ಡವರದ್ದು ಒಳ್ಳೆಯ ಫೋಟೋ ಒಂದೂ ಇರುವುದಿಲ್ಲ. ಹೊಲ, ಮನೆ, ದನ ಅಂತ ಜೀವನ ಕಳೆದವರು ಸ್ಟುಡಿಯೋ ಮೆಟ್ಟಿಲು ಯಾಕೆ ಹತ್ತುತ್ತಾರೆ? ಅದಕ್ಕೇ ಪ್ರತಿ ಮದುವೆಯಲ್ಲೂ ಊಟಕ್ಕೆ ಮುಂಚೆ ಕಿಟಕಿ ಪಕ್ಕ ಒಂದು ಕುರ್ಚಿ ಹಾಕುತ್ತೇನೆ. ಮುತ್ಯಾ (ಅಜ್ಜ), ಆಯಿ (ಅಜ್ಜಿ), ಸೋದರತ್ತೆ, ಕಾಕಾ, ಒಬ್ಬೊಬ್ಬರನ್ನೇ ಕರೆದು ಕೂರಿಸುತ್ತೇನೆ. "ನಂದ್ಯಾಕೋ ಯಪ್ಪಾ, ಹುಡುಗಾ ಹುಡುಗಿದು ತೆಗಿ ಹೋಗು" ಅಂತ ಆಯಿ ಬೈಯುತ್ತಾರೆ. ಬೈಯುತ್ತಲೇ ಸೆರಗು ಸರಿ ಮಾಡಿಕೊಳ್ಳುತ್ತಾರೆ. ಆಗ ತೆಗೆದುಬಿಡಬೇಕು. ಇದು ಯಾವ ಪ್ಯಾಕೇಜಿನಲ್ಲೂ ಇಲ್ಲ, ಇದಕ್ಕೆ ದುಡ್ಡು ಕೇಳಬೇಡ. ನನ್ನ ಕೆಲಸದಲ್ಲಿ ನಾನು ಹೆಚ್ಚು ಪ್ರೀತಿಸುವ ಫೋಟೋಗಳು ಇವೇ.

ಲೆಕ್ಕದ ಮಾತಿಗೆ ಬರೋಣ. ಆಷಾಢದಲ್ಲಿ ಲಗ್ನ ಇಲ್ಲ, ಪಿತೃಪಕ್ಷದಲ್ಲಿ ಇಲ್ಲ. ಬಾಡಿಗೆಗೂ ಸಾಲದ ಕಂತಿಗೂ ಆಷಾಢ ಇಲ್ಲವಲ್ಲ! ಸೀಸನ್ ದುಡ್ಡಿನಲ್ಲಿ ಆ ತಿಂಗಳುಗಳ ಪಾಲು ಮೊದಲೇ ತೆಗೆದಿಡು. ಮದುವೆಗೆ ಮುಂಚೆ ಅಡ್ವಾನ್ಸ್, ಮದುವೆ ದಿನ ದೊಡ್ಡ ಪಾಲು, ಆಲ್ಬಮ್ ಪ್ರಿಂಟಿಗೆ ಕಳಿಸುವ ಮುಂಚೆ ಉಳಿದದ್ದು. ಆಲ್ಬಮ್ ಕೊಟ್ಟ ಮೇಲೆ ಬಾಕಿ ಕೇಳಿದರೆ ಸಂಬಂಧವೂ ಕೆಡುತ್ತದೆ. ಫೋಟೋ ಆರಿಸಿ ಕೊಡಲು ಮನೆಯವರು ತಿಂಗಳುಗಟ್ಟಲೆ ತಗೊಳ್ಳುತ್ತಾರೆ, ಅದಕ್ಕೂ ಒಂದು ಗಡುವು ಬರೆದುಕೋ. ವರ್ಷದ ವಹಿವಾಟು 20 ಲಕ್ಷ ದಾಟಿದರೆ ಜಿಎಸ್‌ಟಿ ನೋಂದಣಿ ಬೇಕು.

ಬರೆದುಕೋ ಅಂದೆನಲ್ಲ, ಅದಕ್ಕೆ ಇನ್ನೊಂದು ಕಾರಣ ಇದೆ. 1957ರ ಕಾಪಿರೈಟ್ ಕಾಯ್ದೆಯ 17ನೇ ಸೆಕ್ಷನ್ ಪ್ರಕಾರ, ಯಾರಾದರೂ ದುಡ್ಡು ಕೊಟ್ಟು ತಮಗಾಗಿ ತೆಗೆಸಿದ ಫೋಟೋದ ಹಕ್ಕು, ಬೇರೆ ಒಪ್ಪಂದ ಇಲ್ಲದಿದ್ದರೆ, ತೆಗೆಸಿದವರದ್ದು. ತೆಗೆದವನದ್ದಲ್ಲ. ನಮ್ಮಲ್ಲಿ ಬಹಳ ಜನಕ್ಕೆ ಇದು ಗೊತ್ತೇ ಇಲ್ಲ. ಮದುಮಗಳ ಫೋಟೋ ಇನ್‌ಸ್ಟಾಗ್ರಾಂಗೆ, ಅಂಗಡಿ ಬೋರ್ಡಿಗೆ ಹಾಕುವ ಮುಂಚೆ ಒಂದು ಸಾಲಿನ ಒಪ್ಪಿಗೆ ಬರೆಸಿಕೋ. ಕಾಯ್ದೆ ಇರಲಿ ಬಿಡಲಿ, ಕೇಳುವುದೇ ಮರ್ಯಾದೆ.

ಡ್ರೋನ್ ಈಗಲೇ ಬೇಡ. 2021ರ ಡ್ರೋನ್ ನಿಯಮದಲ್ಲಿ 250 ಗ್ರಾಂ ಮೀರಿದ ಡ್ರೋನನ್ನು ದುಡಿಮೆಗೆ ಹಾರಿಸಲು ಪೈಲಟ್ ಸರ್ಟಿಫಿಕೇಟ್ ಬೇಕು. ಬೀದರ್‌ನಲ್ಲಂತೂ ವಾಯುಪಡೆಯ ತರಬೇತಿ ಕೇಂದ್ರ ಇದೆ, ಅನುಮತಿ ಇಲ್ಲದೆ ಹಾರಿಸುವ ಮಾತೇ ಇಲ್ಲ. ಪ್ರಿ-ವೆಡ್ಡಿಂಗ್‌ಗೆ ಬೀದರ್ ಕೋಟೆ ಕೇಳುತ್ತಾರೆ. ಸಂಜೆ ಬಿಸಿಲಿಗೆ ಆ ಕೆಂಪು ಜಂಬಿಟ್ಟಿಗೆ ಗೋಡೆ ಎಷ್ಟು ಚೆಂದ ಅಂತ ನಿನಗೂ ಗೊತ್ತು. ಆದರೆ ಟ್ರೈಪಾಡ್, ಲೈಟು ಹಚ್ಚಿ ಶೂಟ್ ಮಾಡಬೇಕಾದರೆ ಪುರಾತತ್ವ ಇಲಾಖೆಯ ಅನುಮತಿ ಬೇಕು. ಬಾಗಿಲಲ್ಲಿ ವಾದ ಮಾಡುವ ಬದಲು ಮುಂಚೆಯೇ ಅರ್ಜಿ ಹಾಕು.

ಹೋಳಿ ಹುಣ್ಣಿಮೆಗೆ ರಜೆ ಹಾಕಿ ಬಾ. ಆಮೇಲೆ ಐದನೇ ದಿನಕ್ಕೆ ಶರಣಬಸವೇಶ್ವರ ಜಾತ್ರೆಯ ತೇರು. ಸಂಜೆ ಇಳಿಬೆಳಕು, ಧೂಳು, ನೂಕುನುಗ್ಗಲು, ತೇರಿನ ಮೇಲೆ ತೂರಿ ಬರುವ ಉತ್ತತ್ತಿ, ಬಾಳೆಹಣ್ಣು. ಅಲ್ಲಿ ಕೈ ಪಳಗಿದರೆ ಯಾವ ಮದುವೆಯೂ ಕಷ್ಟ ಆಗಲ್ಲ. ಮುಂದಿನ ಸೀಸನ್ ಪೂರ್ತಿ ನನ್ನ ಜೊತೆ ಎರಡನೇ ಕ್ಯಾಮೆರಾ ಹಿಡಿ, ದಿನದ ಕೂಲಿ ಕೊಡುತ್ತೇನೆ. ಈಗ ನಿನ್ನ ಹತ್ತಿರ ಇರುವ ಕ್ಯಾಮೆರಾನೇ ಸಾಕು. ಬ್ಯಾಂಕಿನ ಕಾಗದಕ್ಕೆ ಸಹಿ ಹಾಕುವುದನ್ನು ಅಲ್ಲಿವರೆಗೆ ಮುಂದೂಡು. ಬರುವ ದಿನ ತಿಳಿಸು, ಸ್ಟೇಷನ್ನಿಗೆ ನಾನೇ ಬರುತ್ತೇನೆ.

ನಿನ್ನ ದೋಸ್ತ,
ಕಲಬುರಗಿ