ಮೊದಲು ಆ ಗಂಟನ್ನು ನೋಡು

ಪ್ರೀತಿಯ ಪುಟ್ಟಿ,

ಸಿನಿಮಾ ಮತ್ತು ಸಮಾಜದ ಬಗ್ಗೆ ನೀನು ಬರೆದು ಕಳಿಸಿದ ಲೇಖನದ ಹತ್ತು ಪುಟಗಳನ್ನು ಎರಡು ಸಲ ಓದಿದೆ. ಮೊದಲ ಸಲ ದೊಡ್ಡಮ್ಮನಾಗಿ ಓದಿದೆ, ಹೆಮ್ಮೆಯಾಯಿತು. ಎರಡನೇ ಸಲ ಪೆನ್ಸಿಲ್ ಹಿಡಿದು ಓದಿದೆ. ಆಗ ಈ ಪತ್ರ ಬರೆಯಲೇಬೇಕು ಅನ್ನಿಸಿತು.

ನೀನು ಆರಿಸಿಕೊಂಡಿದ್ದು ಇಟಲಿಯ ನಿರ್ದೇಶಕ ಡಿ ಸಿಕಾ ಅವರ 1948ರ ಚಿತ್ರ 'ಬೈಸಿಕಲ್ ಥೀವ್ಸ್'. ಒಳ್ಳೆಯ ಆಯ್ಕೆ. ಆದರೆ ಮೊದಲ ನಾಲ್ಕು ಪುಟಗಳಲ್ಲಿ ಸಿನಿಮಾನೇ ಇಲ್ಲ ಕಣೇ. ಯುದ್ಧ ಇದೆ, ಮುಸೊಲಿನಿ ಇದ್ದಾನೆ, ನಿರುದ್ಯೋಗ ಇದೆ, 1948ರ ಚುನಾವಣೆ ಇದೆ. ಎಲ್ಲವೂ ನಿಜ. ಐದನೇ ಪುಟಕ್ಕೆ ಬಂದರೆ ಸೈಕಲ್ ಕಳುವಾಗುತ್ತದೆ. ಅಲ್ಲಿಂದ ಕಥೆ ಹೇಳುತ್ತಾ ಹೋಗಿ, ಕೊನೆಗೆ "ಹೀಗೆ ಸಿನಿಮಾ ಸಮಾಜದ ಕನ್ನಡಿ" ಅಂತ ಮುಗಿಸಿದ್ದೀಯ. ಇತಿಹಾಸ ಒಂದು ಕಡೆ ಕೂತಿದೆ, ಸಿನಿಮಾ ಇನ್ನೊಂದು ಕಡೆ ಕೂತಿದೆ. ಎರಡೂ ಒಂದಕ್ಕೊಂದು ಮಾತೇ ಆಡಿಲ್ಲ.

ನಾನು ಹೇಳಬೇಕಾದ್ದು ಒಂದೇ. ಸಮಾಜದಿಂದ ಶುರು ಮಾಡಬೇಡ. ತೆರೆಯ ಮೇಲೆ ಕಣ್ಣಿಗೆ ಕಂಡ ಒಂದು ವಸ್ತುವನ್ನು ಹಿಡಿದುಕೋ. ಅದನ್ನು ಬಿಡದೆ ಎಳೆಯುತ್ತಾ ಹೋಗು. ಸಮಾಜ ಅದರ ಹಿಂದೆಯೇ ಬರುತ್ತದೆ.

ನೀನು ಬರೆದ ಸಿನಿಮಾದಲ್ಲೇ ತೋರಿಸುತ್ತೇನೆ. ಗಿರವಿ ಅಂಗಡಿಯ ದೃಶ್ಯ ನೆನಪಿದೆಯಾ? ನಾಯಕ ಆಂತೋನಿಯೊಗೆ ಗೋಡೆಗೆ ಪೋಸ್ಟರ್ ಅಂಟಿಸುವ ಕೆಲಸ ಸಿಕ್ಕಿದೆ. ಕೆಲಸಕ್ಕೆ ಸೈಕಲ್ ಬೇಕೇ ಬೇಕು. ಸೈಕಲ್ ಗಿರವಿಯಲ್ಲಿದೆ. ಹೆಂಡತಿ ಮರಿಯಾ ಜಾಸ್ತಿ ಮಾತಾಡುವುದಿಲ್ಲ. ಹಾಸಿಗೆಯ ಮೇಲಿನ ಬಟ್ಟೆಗಳನ್ನು ಕಿತ್ತು ತೆಗೆಯುತ್ತಾಳೆ. ಗಂಟು ಕಟ್ಟಿಕೊಂಡು ಇಬ್ಬರೂ ಹೋಗುತ್ತಾರೆ. ಕಿಟಕಿಯ ಆಚೆ ಇರುವವನು ಬಟ್ಟೆ ನೋಡಿ, ಎಣಿಸಿ, ಹಣ ಕೊಡುತ್ತಾನೆ. ಆ ಹಣದಿಂದ ಸೈಕಲ್ ಬಿಡಿಸಿಕೊಳ್ಳುತ್ತಾರೆ. ಇಲ್ಲಿಯವರೆಗೆ ನೀನೂ ಬರೆದಿದ್ದೀಯ.

ನೀನು ಬಿಟ್ಟಿದ್ದು ಅದರ ಮುಂದಿನ ಕ್ಷಣ. ಸೈಕಲ್ಲಿಗಾಗಿ ಕಾಯುತ್ತಾ ಆಂತೋನಿಯೊ ಒಳಗೆ ಇಣುಕಿ ನೋಡುತ್ತಾನೆ. ಅಲ್ಲಿನ ಕೆಲಸಗಾರ ಇವರ ಗಂಟನ್ನು ಎತ್ತಿಕೊಂಡು ಒಂದು ಎತ್ತರದ ಅಟ್ಟಣಿಗೆ ಹತ್ತುತ್ತಾನೆ. ಹತ್ತುತ್ತಲೇ ಇರುತ್ತಾನೆ. ಕ್ಯಾಮೆರಾ ಅವನ ಜೊತೆ ಮೇಲಕ್ಕೆ ಹೋಗುತ್ತದೆ. ಸಾಲು ಮೇಲೆ ಸಾಲು, ಬರೀ ಗಂಟುಗಳು. ಇವರ ಗಂಟು ಅವುಗಳ ನಡುವೆ ಹೋಗಿ ಕೂರುತ್ತದೆ. ಆಮೇಲೆ ಯಾವುದು ಯಾರದ್ದು ಅಂತ ಗೊತ್ತಾಗುವುದಿಲ್ಲ.

ಅಲ್ಲಿ ನಿಲ್ಲಿಸು. ಒಂದು ಪ್ರಶ್ನೆ ಕೇಳಿಕೋ. ಉಳಿದ ಗಂಟುಗಳು ಯಾರವು? ಅದೆಲ್ಲ ಯಾರ ಹಾಸಿಗೆ? ಊರಿಗೆ ಊರೇ ಬಡವಾಗಿದೆ ಅಂತ ಯಾವ ಪಾತ್ರವೂ ಬಾಯಿಬಿಟ್ಟು ಹೇಳುವುದಿಲ್ಲ. ಆ ಅಟ್ಟಣಿಗೆ ಹೇಳುತ್ತದೆ. ಇನ್ನು ಮುಂದೆ ನೀನು ರೋಮ್ ನಗರದ ನಿರುದ್ಯೋಗದ ಬಗ್ಗೆ ಎರಡು ಸಾಲು ಬರೆದರೂ ಸಾಕು, ಓದುವವರಿಗೆ ಅದು ತಟ್ಟುತ್ತದೆ. ಯಾಕೆಂದರೆ ಅವರು ಆಗಲೇ ಆ ಗಂಟುಗಳನ್ನು ನೋಡಿರುತ್ತಾರೆ. ನಿನ್ನ ನಾಲ್ಕು ಪುಟಗಳ ಜಾಗ ಇಲ್ಲಿ. ಅದೂ ನಾಲ್ಕು ಪುಟ ಬೇಡ, ಅರ್ಧ ಪುಟ.

ಇನ್ನೊಂದು ನೋಡು. ಸೈಕಲ್ ಕಳುವಾಗುವ ಹೊತ್ತಿನಲ್ಲಿ ಆಂತೋನಿಯೊ ಯಾರ ಪೋಸ್ಟರ್ ಅಂಟಿಸುತ್ತಿದ್ದಾನೆ? ಹಾಲಿವುಡ್ ನಟಿ ರೀಟಾ ಹೇವರ್ತ್ ಅವರದು. ಯುದ್ಧ ಮುಗಿದ ಮೇಲೆ ಅಮೆರಿಕದ ಸಿನಿಮಾಗಳು ಇಟಲಿಯ ಚಿತ್ರಮಂದಿರಗಳಿಗೆ ನುಗ್ಗಿದ್ದ ದಿನಗಳು ಅವು. ಹಸಿದವನೊಬ್ಬ ಏಣಿಯ ಮೇಲೆ ನಿಂತು ಬೇರೆ ದೇಶದ ಥಳಕನ್ನು ಗೋಡೆಗೆ ಅಂಟಿಸುತ್ತಿದ್ದಾನೆ. ಅದೇ ಹೊತ್ತಿಗೆ ಕೆಳಗೆ ಅವನ ಅನ್ನ ಹೋಗುತ್ತದೆ. ಈ ಒಂದು ಶಾಟ್ ಹಿಡಿದುಕೊಂಡೇ ಒಂದು ಲೇಖನ ಬರೆಯಬಹುದು ಅಂತ ನನಗನ್ನಿಸುತ್ತದೆ.

ಈಗ ಆ ಕನ್ನಡಿಯ ಮಾತು. ಅದನ್ನು ಹೊಡೆದು ಹಾಕು, ದಯವಿಟ್ಟು. ಕನ್ನಡಿ ಎದುರಿಗಿದ್ದದ್ದನ್ನೆಲ್ಲ ತೋರಿಸುತ್ತದೆ. ಆರಿಸಿಕೊಳ್ಳುವ ಶಕ್ತಿ ಅದಕ್ಕಿಲ್ಲ. ಸಿನಿಮಾದಲ್ಲಿ ಪ್ರತಿಯೊಂದನ್ನೂ ಯಾರೋ ಆರಿಸಿರುತ್ತಾರೆ. ಇದೇ ಚಿತ್ರಕ್ಕೆ ಅಮೆರಿಕದ ನಿರ್ಮಾಪಕರೊಬ್ಬರು ಹಣ ಹಾಕಲು ಮುಂದೆ ಬಂದಿದ್ದರಂತೆ. ನಾಯಕನ ಪಾತ್ರಕ್ಕೆ ಹಾಲಿವುಡ್ ತಾರೆ ಕೇರಿ ಗ್ರಾಂಟ್ ಅವರನ್ನು ಹಾಕಿಕೊಳ್ಳಿ ಅಂದರು ಅಂತ ಡಿ ಸಿಕಾ ಅವರೇ ಹೇಳಿಕೊಂಡಿದ್ದಾರೆ. ಡಿ ಸಿಕಾ ಒಪ್ಪಲಿಲ್ಲ. ಲ್ಯಾಂಬರ್ಟೊ ಮಜೊರಾನಿ ಎಂಬ ಕಾರ್ಖಾನೆ ಕಾರ್ಮಿಕನನ್ನು ಹಾಕಿಕೊಂಡರು. ಚಿತ್ರ ಮುಗಿದ ಮೇಲೆ ಆತ ಕಾರ್ಖಾನೆಗೆ ವಾಪಸ್ ಹೋದ. ಸ್ವಲ್ಪ ಕಾಲಕ್ಕೆ ಅವನ ಕೆಲಸವೇ ಹೋಯಿತು. ಇದನ್ನು ಓದಿದ ಮೇಲೆ ನನಗೆ ಆ ಮುಖವನ್ನು ಮೊದಲಿನಂತೆ ನೋಡಲು ಆಗಲೇ ಇಲ್ಲ.

ಹಾಗಾಗಿ ಪ್ರತಿ ಸಿನಿಮಾಗೂ ಕೇಳು. ಹಣ ಯಾರದು? ಕತ್ತರಿ ಯಾರ ಕೈಯಲ್ಲಿತ್ತು? ಯಾರನ್ನು ಹೊರಗಿಟ್ಟರು? ತೆರೆಯ ಮೇಲೆ ಕಂಡದ್ದು ಜನಜೀವನವೋ, ಯಾರೋ ಹಾಕಿದ ನಿಯಮವೋ? ಈ ಕೊನೆಯ ಪ್ರಶ್ನೆಯಲ್ಲಿ ತುಂಬಾ ಜನ ಎಡವುತ್ತಾರೆ. ಹಾಲಿವುಡ್‌ನಲ್ಲಿ 1934ರಿಂದ 1968ರವರೆಗೆ ತೆರೆಯ ಮೇಲೆ ಏನು ತೋರಿಸಬಾರದು ಅಂತ ಹೇಳುವ ಹೇಸ್ ಕೋಡ್ ಅನ್ನುವ ಕಟ್ಟುಪಾಡು ಜಾರಿಯಲ್ಲಿತ್ತು. ಆ ಕಾಲದ ಎಷ್ಟೋ ಚಿತ್ರಗಳಲ್ಲಿ ಗಂಡ ಹೆಂಡತಿ ಒಂದೇ ಕೋಣೆಯಲ್ಲಿ ಬೇರೆ ಬೇರೆ ಮಂಚದ ಮೇಲೆ ಮಲಗುತ್ತಾರೆ. ಅದನ್ನು ನೋಡಿ ಅಮೆರಿಕದ ಸಂಸಾರವೇ ಹಾಗಿತ್ತು ಅಂತ ಬರೆದರೆ ತಪ್ಪಾಗುತ್ತದೆ. ಅಲ್ಲಿ ನಿನಗೆ ಕಾಣುತ್ತಿರುವುದು ಒಂದು ಸಮಾಜದ ಭಯ, ಅದರ ಮಲಗುವ ಕೋಣೆಯಲ್ಲ. ಉಪಕರಣಕ್ಕೂ ಸಂದರ್ಭ ಇರುತ್ತದೆ, ಇದನ್ನೂ ಮರೆಯಬೇಡ. ಕಲರ್ ಫಿಲ್ಮ್ ತೊಳೆಯುವ ಲ್ಯಾಬ್‌ಗಳು ಬಣ್ಣ ಸರಿಯಾಗಿದೆಯಾ ಅಂತ ನೋಡಲು ದಶಕಗಳ ಕಾಲ ಬಿಳಿ ಚರ್ಮದ ಹೆಂಗಸಿನ ಫೋಟೋ ಇದ್ದ ಕಾರ್ಡ್ ಇಟ್ಟುಕೊಂಡಿದ್ದವು. ಬಣ್ಣದ ಹದವೆಲ್ಲ ಆ ಚರ್ಮಕ್ಕೇ ಹೊಂದಿಸಿದ್ದು. ಕಪ್ಪು ಮುಖ ತೆರೆಯ ಮೇಲೆ ಮಂಕಾಗಿ ಕಂಡರೆ ಛಾಯಾಗ್ರಾಹಕನನ್ನು ಮಾತ್ರ ಬೈಯುವಂತಿಲ್ಲ.

ಸಿನಿಮಾದ ಯಾವ ಪ್ರತಿಯನ್ನು ನೋಡುತ್ತಿದ್ದೀಯ ಅನ್ನುವುದನ್ನೂ ಖಚಿತ ಮಾಡಿಕೋ. 1954ರ ಜಪಾನಿನ 'ಗಾಡ್ಜಿಲಾ'ವನ್ನೇ ತೆಗೆದುಕೋ. ಬಾಂಬ್ ಪರೀಕ್ಷೆಯಿಂದ ಎದ್ದ ರಾಕ್ಷಸ ಪ್ರಾಣಿಯೊಂದು ಊರಿಗೆ ನುಗ್ಗುವ ಕಥೆ ಅದು. ಆ ವರ್ಷ ಮಾರ್ಚ್ 1ರಂದು ಅಮೆರಿಕ ಬಿಕಿನಿ ದ್ವೀಪದಲ್ಲಿ ಹೈಡ್ರೋಜನ್ ಬಾಂಬ್ ಪರೀಕ್ಷೆ ಮಾಡಿತು. ದೂರದಲ್ಲಿದ್ದ ಜಪಾನಿನ ಮೀನುಗಾರಿಕೆ ದೋಣಿಯ ಮೇಲೆ ವಿಕಿರಣದ ಬೂದಿ ಬಿತ್ತು. 23 ಜನ ಅದರಲ್ಲಿದ್ದರು. ಸೆಪ್ಟೆಂಬರ್‌ನಲ್ಲಿ ಒಬ್ಬರು ತೀರಿಕೊಂಡರು. ನವೆಂಬರ್‌ನಲ್ಲಿ ಸಿನಿಮಾ ಬಿಡುಗಡೆಯಾಯಿತು. ಮೊದಲ ದೃಶ್ಯದಲ್ಲೇ ಒಂದು ಹಡಗಿನ ಮೇಲೆ ಹುಡುಗರು ಆರಾಮಾಗಿ ಕೂತಿರುತ್ತಾರೆ. ಸಮುದ್ರ ಝಗ್ ಅಂತ ಬೆಳಗುತ್ತದೆ. ಆ ಬೆಳಕನ್ನು ಕಂಡ ಪ್ರೇಕ್ಷಕರಿಗೆ ಯಾರೂ ಏನನ್ನೂ ವಿವರಿಸಬೇಕಾಗಿರಲಿಲ್ಲ. ಆದರೆ 1956ರಲ್ಲಿ ಅಮೆರಿಕದಲ್ಲಿ ತೋರಿಸಿದ ಪ್ರತಿಯೇ ಬೇರೆ. ಅಣುಬಾಂಬಿನ ಮಾತುಗಳಲ್ಲಿ ಬಹಳಷ್ಟನ್ನು ಕತ್ತರಿಸಿ, ರೇಮಂಡ್ ಬರ್ ಎಂಬ ನಟನನ್ನು ಪತ್ರಕರ್ತನಾಗಿ ಹೊಸದಾಗಿ ಸೇರಿಸಿದ್ದರು. ಬರೀ ಅದನ್ನು ನೋಡಿ "ಇದೊಂದು ರಾಕ್ಷಸ ಪ್ರಾಣಿಯ ಸಿನಿಮಾ" ಅಂತ ಬರೆದವರದ್ದು ಪೂರ್ತಿ ತಪ್ಪಲ್ಲ. ಅವರು ನೋಡಿದ್ದೇ ಬೇರೆ ಚಿತ್ರ. ಸಾಧ್ಯವಾದರೆ ಎರಡನ್ನೂ ನೋಡು. ಏನು ಕತ್ತರಿಸಿದರು ಅನ್ನುವುದರಿಂದಲೇ ಕತ್ತರಿಸಿದವರ ಬಗ್ಗೆ ಬೇಕಾದಷ್ಟು ಗೊತ್ತಾಗುತ್ತದೆ.

ಈಗ ನನಗೆ ಬೇಸರ ತಂದ ಒಂದು ಸಾಲಿಗೆ ಬರುತ್ತೇನೆ. ಏಳನೇ ಪುಟದಲ್ಲಿ ಹಳೆಯ ಚಿತ್ರಗಳ ಬಗ್ಗೆ ಮಾತಾಡುತ್ತಾ "ಆ ಕಾಲವೇ ಹಾಗಿತ್ತು, ಅದನ್ನು ಇವತ್ತಿನ ಕಣ್ಣಿಂದ ನೋಡಬಾರದು" ಅಂತ ಬರೆದಿದ್ದೀಯ. ಕೇಳಲು ನ್ಯಾಯವಾಗಿದೆ. ನಾನೂ ನಿನ್ನ ವಯಸ್ಸಿನಲ್ಲಿ ಹೀಗೇ ಬರೆಯುತ್ತಿದ್ದೆ. ಆದರೆ ಆ ಕಾಲ ಅಂದರೆ ಯಾರು? ಆಗಲೂ ಜನ ಒಂದೇ ಥರ ಯೋಚಿಸುತ್ತಿರಲಿಲ್ಲ.

1913ರಲ್ಲಿ ಫಾಲ್ಕೆ ಅವರು 'ರಾಜಾ ಹರಿಶ್ಚಂದ್ರ' ಮಾಡುವಾಗ ನಟಿಸಲು ಹೆಣ್ಣುಮಕ್ಕಳು ಸಿಗಲಿಲ್ಲ. ತಾರಾಮತಿಯ ಪಾತ್ರವನ್ನು ಅಣ್ಣಾ ಸಾಳುಂಕೆ ಎಂಬ ಗಂಡಸು ಮಾಡಿದರು. 1917ರ 'ಲಂಕಾ ದಹನ'ದಲ್ಲಿ ಅದೇ ಸಾಳುಂಕೆ ರಾಮನೂ ಆದರು, ಸೀತೆಯೂ ಆದರು. ಇದಿಷ್ಟನ್ನೇ ಬರೆದು "ಆಗಿನ ಕಾಲದಲ್ಲಿ ಹೆಂಗಸರು ನಟಿಸುತ್ತಿರಲಿಲ್ಲ" ಅಂದುಬಿಟ್ಟರೆ ಓದುವವರು ತಲೆಯಾಡಿಸುತ್ತಾರೆ. ಆದರೆ ಹರಿಶ್ಚಂದ್ರದ ಬೆನ್ನಲ್ಲೇ ಫಾಲ್ಕೆ ಅವರು 'ಮೋಹಿನಿ ಭಸ್ಮಾಸುರ' ಮಾಡಿದರು. ಅದರಲ್ಲಿ ದುರ್ಗಾಬಾಯಿ ಕಾಮತ್ ಮತ್ತು ಅವರ ಮಗಳು ಕಮಲಾಬಾಯಿ ಇಬ್ಬರೂ ನಟಿಸಿದರು. ಅದೇ ಕಾಲ, ಅದೇ ನಿರ್ದೇಶಕ. ಸುಮ್ನೆ "ಆ ಕಾಲ ಹಾಗಿತ್ತು" ಅಂದರೆ ಈ ತಾಯಿ ಮಗಳು ಇಬ್ಬರೂ ಅಳಿಸಿಹೋಗುತ್ತಾರೆ, ಅಲ್ವಾ?

1915ರ 'ದಿ ಬರ್ತ್ ಆಫ್ ಎ ನೇಷನ್' ಇನ್ನೂ ಕಷ್ಟದ ಉದಾಹರಣೆ. ಎಡಿಟಿಂಗ್ ಕಲಿಸುವವರು ಅಮೆರಿಕದ ನಿರ್ದೇಶಕ ಗ್ರಿಫಿತ್ ಅವರ ಈ ಚಿತ್ರವನ್ನು ಇವತ್ತಿಗೂ ತೋರಿಸುತ್ತಾರೆ. ಅದರಲ್ಲಿ ಕರಿಯರ ಮುಖ್ಯ ಪಾತ್ರಗಳನ್ನು ಮುಖಕ್ಕೆ ಮಸಿ ಬಳಿದುಕೊಂಡ ಬಿಳಿಯರೇ ಮಾಡಿದ್ದಾರೆ. ಕರಿಯರನ್ನು ಕೊಲ್ಲಲು ಬರುವ ಮುಸುಕುಧಾರಿಗಳು ಅದರಲ್ಲಿ ವೀರರು. ಆ ಮುಸುಕುಧಾರಿಗಳ ನಿಜವಾದ ಸಂಘಟನೆ, ಕರಿಯರನ್ನು ದ್ವೇಷಿಸುವ ಕು ಕ್ಲಕ್ಸ್ ಕ್ಲಾನ್, ಅದೇ ವರ್ಷ ಮತ್ತೆ ಎದ್ದು ನಿಂತಿತು. ಆಮೇಲೆ ಜನ ಸೇರಿಸಲು ಈ ಚಿತ್ರವನ್ನು ಬಳಸಿಕೊಂಡಿತು. "ಆಗ ಎಲ್ಲರೂ ಹಾಗೇ ಯೋಚಿಸುತ್ತಿದ್ದರು" ಅನ್ನುವವರಿಗೆ ಒಂದು ಮಾತು ಹೇಳು. ಕರಿಯರ ಹಕ್ಕಿಗಾಗಿ ಹೋರಾಡುತ್ತಿದ್ದ ಎನ್‌ಎಎಸಿಪಿ ಸಂಸ್ಥೆ ಆಗಲೇ ಹಲವು ನಗರಗಳಲ್ಲಿ ಈ ಚಿತ್ರವನ್ನು ವಿರೋಧಿಸಿ ನಿಂತಿತ್ತು. ಅದು ಇವತ್ತಿನ ಕಣ್ಣಲ್ಲ. ಅದೂ 1915ರ ಕಣ್ಣೇ. ಒಂದು ಕಾಲವನ್ನು ಅರ್ಥ ಮಾಡಿಕೊಳ್ಳಬೇಕು ಅಂದರೆ ಆ ಕಾಲದಲ್ಲಿ ಬೇಡ ಅಂದವರನ್ನೂ ಹುಡುಕಬೇಕು. ಚಿತ್ರದ ಕೌಶಲವನ್ನು ಹೊಗಳು, ತಪ್ಪಿಲ್ಲ. ಆದರೆ ಆ ಕೌಶಲ ಯಾರ ಮೇಲೆ ಪ್ರಯೋಗವಾಯಿತು ಅನ್ನುವುದನ್ನು ಅದೇ ವಾಕ್ಯದಲ್ಲಿ ಹೇಳು. ಮುಂದಿನ ಪ್ಯಾರಾಕ್ಕೆ ತಳ್ಳಬೇಡ.

ಇದಕ್ಕೆ ಎದುರು ದಿಕ್ಕಿನ ತಪ್ಪೂ ಇದೆ. ಮುಂದೆ ಏನಾಯಿತು ಅಂತ ನಮಗೆ ಗೊತ್ತಿರುತ್ತದೆ. ಅದನ್ನು ಹಿಂದಕ್ಕೆ ಒಯ್ದು ಸಿನಿಮಾಗೆ ತುರುಕುತ್ತೇವೆ. ಯುದ್ಧ ಮುಗಿದ ಮೇಲೆ, 1947ರಲ್ಲಿ, ಕ್ರಾಕವರ್ ಎಂಬ ವಿದ್ವಾಂಸರು 1920ರ ದಶಕದ ಜರ್ಮನ್ ಚಿತ್ರಗಳಲ್ಲಿ ಹಿಟ್ಲರ್ ಬರುವ ಸೂಚನೆಗಳನ್ನು ಕಂಡರು. ಓದಲು ಮೈ ಜುಮ್ಮೆನ್ನುತ್ತದೆ. ಆದರೆ ಆ ಚಿತ್ರಗಳನ್ನು ಟಿಕೆಟ್ ಕೊಂಡು ನೋಡಿದವರಿಗೆ, ಹಿಟ್ಲರ್ ಅಧಿಕಾರಕ್ಕೆ ಬಂದ 1933 ಇನ್ನೂ ಬಂದಿರಲಿಲ್ಲ. ಅವರು ಬೇರೆ ಯಾವುದೋ ಕಾರಣಕ್ಕೆ ನಕ್ಕಿದ್ದರು, ಹೆದರಿದ್ದರು. ಅವರ ಪಕ್ಕ ಹೋಗಿ ಕೂತು ನೋಡುವುದು ಕಷ್ಟ. ಆದರೂ ಪ್ರಯತ್ನ ಮಾಡು.

ಯಾರಿಗೆ ಸಿಟ್ಟು ಬಂತು ಅನ್ನುವುದು ಒಳ್ಳೆಯ ಸುಳಿವು. ಡಿ ಸಿಕಾ ಅವರದೇ 'ಉಂಬರ್ತೊ ಡಿ' ಬಂದಾಗ ಇಟಲಿಯ ಸರ್ಕಾರದಲ್ಲಿದ್ದ ಆಂಡ್ರಿಯೊಟ್ಟಿ, ಈ ಚಿತ್ರ ದೇಶದ ಹೆಸರು ಕೆಡಿಸುತ್ತದೆ ಅಂತ ಬಹಿರಂಗವಾಗಿ ಬರೆದರು. ನಮ್ಮ 'ಸಂಸ್ಕಾರ'ಕ್ಕೆ 1970ರಲ್ಲಿ ಸೆನ್ಸಾರ್ ಮಂಡಳಿ ಮೊದಲು ಅನುಮತಿಯನ್ನೇ ಕೊಡಲಿಲ್ಲ. ಆಮೇಲೆ ಅದೇ ಚಿತ್ರಕ್ಕೆ ಆ ವರ್ಷದ ಅತ್ಯುತ್ತಮ ಚಿತ್ರ ಅಂತ ರಾಷ್ಟ್ರಪ್ರಶಸ್ತಿ ಬಂತು. ಒಂದೇ ದೇಶದ ಒಂದು ಕೈ ತಡೆಯಿತು, ಇನ್ನೊಂದು ಕೈ ಪದಕ ಕೊಟ್ಟಿತು. ಆ ಎರಡು ಕೈಗಳ ನಡುವೆ ಏನು ನಡೆಯಿತು ಅಂತ ನೀನು ಹುಡುಕಿ ಬರೆದರೆ ಮೊದಲು ಓದುವವಳು ನಾನೇ.

ಸಿನಿಮಾ ಗಡಿ ದಾಟಿದ ಕೂಡಲೇ ಅದರ ಅರ್ಥವೂ ಬದಲಾಗುತ್ತದೆ. ರಾಜ್ ಕಪೂರ್ ಅವರ 1951ರ 'ಆವಾರಾ' 1954ರಲ್ಲಿ ಸೋವಿಯತ್ ದೇಶದಲ್ಲಿ ತೆರೆಕಂಡಿತು. ಜನ ಮುಗಿಬಿದ್ದು ನೋಡಿದರು. ಸ್ಟಾಲಿನ್ ತೀರಿಕೊಂಡು ಆಗಿನ್ನೂ ಒಂದು ವರ್ಷ ಕಳೆದಿತ್ತು. ಯುದ್ಧದಲ್ಲಿ ಮನೆಮಂದಿಯನ್ನು ಕಳೆದುಕೊಂಡವರ ದೇಶ ಅದು. ಬೀದಿಪಾಲಾದ ಹುಡುಗನೊಬ್ಬ ಹಾಡುತ್ತಾ ಬಂದರೆ ಅವರಿಗೆ ಕಂಡದ್ದೂ ನಮಗೆ ಕಂಡದ್ದೂ ಒಂದೇ ಆಗಿರಲಾರದು.

ನೀನು ಕೂತಿರುವ ಕುರ್ಚಿಯನ್ನೂ ಲೆಕ್ಕಕ್ಕೆ ತೆಗೆದುಕೋ. ಗಿರವಿ ಅಂಗಡಿಯ ದೃಶ್ಯ ನಿನ್ನ ಕಣ್ಣಿಗೆ ಬೀಳದೆ ಹೋದದ್ದು ಯಾಕೆ? ಹಾಸಿಗೆಯ ಬಟ್ಟೆ ಗಿರವಿ ಇಡುವ ಪರಿಸ್ಥಿತಿ ನಮ್ಮ ಮನೆಗೆ ಬಂದಿಲ್ಲ. ಇದು ದೂರು ಅಲ್ಲ ಮಗಳೇ. ನಮಗೆ ಗೊತ್ತಿಲ್ಲದ ಬದುಕು ತೆರೆಯ ಮೇಲೆ ಬಂದಾಗ ಕಣ್ಣು ಜಾರಿಕೊಂಡು ಮುಂದೆ ಹೋಗಿಬಿಡುತ್ತದೆ. ಹಾಗೆ ಜಾರಿದ ಜಾಗಗಳಿಗೇ ವಾಪಸ್ ಹೋಗಬೇಕು. ಕಳುವಿನ ದೃಶ್ಯದಲ್ಲಿ ನೀನು ನಿಂತೆ, ಯಾಕೆಂದರೆ ಕಳುವಾದರೆ ಏನನ್ನಿಸುತ್ತದೆ ಅಂತ ನಿನಗೆ ಗೊತ್ತು.

ಮುಂದಿನ ಸಲ ಹೀಗೆ ಮಾಡಿ ನೋಡು. ಮೊದಲ ಸಲ ಏನನ್ನೂ ಬರೆದುಕೊಳ್ಳದೆ ನೋಡು. ಅತ್ತರೆ ಅಳು. ಎರಡನೇ ಸಲ ಶಬ್ದ ತೆಗೆದು ನೋಡು. ಯಾರು ಚೌಕಟ್ಟಿನ ನಡುವೆ ಇದ್ದಾರೆ, ಯಾರು ಅಂಚಿನಲ್ಲಿ ನಿಂತಿದ್ದಾರೆ, ಯಾರ ಬೆನ್ನು ಮಾತ್ರ ಕಾಣುತ್ತದೆ ಅಂತ ಬರೆದುಕೋ. ಇತಿಹಾಸದ ಪುಸ್ತಕಗಳನ್ನು ಆಮೇಲೆ ತೆರೆ. ಆಗ ಕೇಳಲು ನಿನ್ನ ಹತ್ತಿರ ಪ್ರಶ್ನೆಗಳಿರುತ್ತವೆ. ಸಿನಿಮಾ ಬಿಡುಗಡೆಯಾದ ದಿನಗಳ ಪತ್ರಿಕೆಗಳು ಸಿಕ್ಕರೆ ವಿಮರ್ಶೆಯ ಪುಟ ಮಾತ್ರ ಓದಿ ಬಿಡಬೇಡ. ಪಕ್ಕದ ಜಾಹೀರಾತುಗಳನ್ನೂ ಓದು.

ಹತ್ತು ಪುಟಗಳಲ್ಲಿ ಒಂದನ್ನೂ ಎಸೆಯಬೇಡ. ಯುದ್ಧದ ಬಗ್ಗೆ ನೀನು ಕಷ್ಟಪಟ್ಟು ಕಲೆಹಾಕಿದ್ದು ಉಪಯೋಗಕ್ಕೆ ಬರುತ್ತದೆ. ಪುಟಗಳ ಪಕ್ಕದಲ್ಲಿ ಪೆನ್ಸಿಲಿನಲ್ಲಿ ಗುರುತು ಹಾಕಿ ಈ ಪತ್ರದ ಜೊತೆಗೇ ಕಳಿಸಿದ್ದೇನೆ. ಗಿರವಿ ಅಂಗಡಿಯ ದೃಶ್ಯ ಬರಬೇಕಾದ ಕಡೆ ಎರಡು ಗೆರೆ ಎಳೆದಿದ್ದೇನೆ. ಹೊಸ ಕರಡು ಬೇಗ ಕಳಿಸು. ಕಾಯುತ್ತಿರುತ್ತೇನೆ.

ನಿನ್ನ ಪ್ರೀತಿಯ
ದೊಡ್ಡಮ್ಮ